ಮಳೆಗಾಲದ ಚಿಟಿಕೆ

ಡಬ್ಬಿಯ ಬಣ್ಣ ನೋಡಿಯೇ ನನಗೆ ತಲೆ ಕೆಟ್ಟಿತು. ನಾನು ಹೇಳಿ ಕಳಿಸಿದ್ದು ತೋಟಾಕ್ಕೆ ಹಾಕುವ ನಮ್ಮ ಮಾಮೂಲಿ ಕೇಪು, ಮಂಗಳೂರಿನ ವ್ಯಾಪಾರಿ ಕಳಿಸಿದ್ದು ಬೇರೆ ಜಾತಿಯದು. ಫೋನ್ ಮಾಡಿ ಕೇಳಿದರೆ, "ಅಳತೆ ಅದೇ ಅಲ್ವಾ ಸಾಬ್ರೇ, ಸರಿಯಾಗಿ ಕೂರುತ್ತೆ. ಮತ್ತೆಂಥ ತಕರಾರು ನಿಮ್ದು?" ಎಂದ. ಕೂರುವುದೇನೋ ಕೂರುತ್ತದೆ. ಅಳತೆ ಒಂದೇ ಆದರೆ ಗುಣವೂ ಒಂದೇ ಆಗುತ್ತದೇನಯ್ಯಾ ಎಂದು ರೇಗಿ ಫೋನ್ ಇಟ್ಟೆ. ಹಳೆಯ ಕೇಪು ಇನ್ನು ದೀಪಾವಳಿಗೇ ಬರುವುದು ಎಂಬುದು ಅಷ್ಟರೊಳಗೆ ಗೊತ್ತಾಗಿತ್ತು. ನಮ್ಮ ಗುರಿ ಹೊಡೆಯುವ ಸ್ಪರ್ಧೆ ಇದ್ದದ್ದು ಪುಷ್ಯ ಮಳೆ ಮುಗಿಯುವ ಹೊತ್ತಿಗೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮೂಡಿಗೆರೆಯಲ್ಲಿ ನನ್ನದು ಕೋವಿ ರಿಪೇರಿ ಅಂಗಡಿ, ತಂದೆಯಿಂದ ಬಂದ ಲೈಸೆನ್ಸು. ತಾಲ್ಲೂಕಿನ ಗುರಿಕಾರರ ಸಂಘದವರು ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ಪರವಾನಗಿಯ ಮೇಲೆ ತಾವೇ ತುಂಬಿಕೊಳ್ಳುತ್ತಿದ್ದರು. ಆ ಕೆಲಸಕ್ಕೆ ನಾನೇ ಮೇಸ್ತ್ರಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಸುಳ್ಳಲ್ಲ. ಆದರೆ ಮದ್ದಿನ ಮುಂದೆ ಕುಳಿತಾಗ ಮಾತ್ರ ನಾನು ಬೇರೆಯೇ ಮನುಷ್ಯ.

ತಿಳಿಯದವರಿಗಾಗಿ ಒಂದು ಮಾತು. ರಿವಾಲ್ವರಿನ ತೋಟಾ ಎಂದರೆ ಹಿತ್ತಾಳೆಯ ಸಣ್ಣ ಕೊಳವೆ, ಅದರ ಬಾಯಲ್ಲಿ ಸೀಸದ ಗುಂಡು, ಹೊಟ್ಟೆಯಲ್ಲಿ ಮದ್ದು, ತಳದಲ್ಲಿ ಮಸೂರ ಬೇಳೆಯಷ್ಟು ಗಾತ್ರದ ಕೇಪು. ರಿವಾಲ್ವರಿನ ಕುದುರೆ, ಅಂದರೆ ಹಿಂದಿನ ಪುಟ್ಟ ಸುತ್ತಿಗೆ, ಬಂದು ಕೇಪಿಗೆ ಹೊಡೆದರೆ ಕೇಪು ಕಿಡಿ ಉಗುಳುತ್ತದೆ, ಆ ಕಿಡಿಗೆ ಮದ್ದು ಹೊತ್ತುತ್ತದೆ. ಹೊಸ ಡಬ್ಬಿಯ ಕೇಪಿಗೆ ಎರಡು ಗುಣ. ಅದರ ತಗಡು ದಪ್ಪ, ಹಾಗಾಗಿ ಪೆಟ್ಟು ಜೋರಾಗಿ ಬೀಳಬೇಕು. ಅದರ ಕಿಡಿಯೂ ಜೋರು, ಹಾಗಾಗಿ ಅದೇ ಮದ್ದು ಹೆಚ್ಚು ರಭಸದಿಂದ ಉರಿಯುತ್ತದೆ. ಬಂದೂಕು ತಾಳುವ ಒತ್ತಡಕ್ಕೆ ಒಂದು ಮಿತಿ ಉಂಟು. ಕೇಪು ಬದಲಾಯಿಸಿದ ಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ. ಮದ್ದಿನ ತೂಕ ಇಳಿಸಿ, ಕೆಳಗಿನಿಂದ ಮತ್ತೆ ಒಂದೊಂದೇ ಮೆಟ್ಟಿಲು ಹತ್ತಬೇಕು.

ಆ ವರ್ಷ ಈ ತೋಟಾಗಳು ಬೇಕಾಗಿದ್ದುದು ಮುಖ್ಯವಾಗಿ ಒಬ್ಬರಿಗೆ. ಬಾಳೂರು ಕಡೆಯ ಎಸ್ಟೇಟಿನ ಅಮ್ಮಾವ್ರಿಗೆ. ಐವತ್ತು ದಾಟಿದವರು, ತೋಟವನ್ನು ತಾವೇ ನೋಡಿಕೊಳ್ಳುವವರು, ಜೀಪನ್ನು ಕೆಸರಿನಲ್ಲಿ ಗಂಡಸರಿಗಿಂತ ಚೆನ್ನಾಗಿ ಓಡಿಸುವವರು. ಅವರ ಕೈಯಲ್ಲಿದ್ದದ್ದು ತಂದೆಯ ಕಾಲದ ರಿವಾಲ್ವರು. ಈ ಸ್ಪರ್ಧೆಯಲ್ಲೇ ಆಗುವ ಜಿಲ್ಲಾ ತಂಡದ ಆಯ್ಕೆ ಹಿಂದಿನ ಎರಡು ಸಲವೂ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. "ಸಾಹೇಬ್ರೇ, ಕಣ್ಣು ಮಂಜಾಗ್ತಾ ಬಂತು. ಈ ಸಲ ಆಗ್ಲಿಲ್ಲಾಂದ್ರೆ ಇನ್ನು ಆಗಲ್ಲ," ಎಂದು ನನ್ನೊಬ್ಬನ ಹತ್ತಿರ ಹೇಳಿದ್ದರು. ತಂಡದಲ್ಲಿ ಅಲ್ಲಿಯತನಕ ಒಬ್ಬ ಹೆಂಗಸೂ ಇರಲಿಲ್ಲ. ಅವರು ಹೋಗಬೇಕು ಎಂದು ಅವರಿಗಿಂತ ನನಗೇ ಹೆಚ್ಚು ಆಸೆ.

ಮೊದಲ ಪೆಟ್ಟು ಬಿದ್ದದ್ದು ಕೇಪಿನ ದಪ್ಪದಿಂದ. ಹೊಸ ಕೇಪು ಹಾಕಿ, ಮದ್ದು ಇಳಿಸಿ, ಒಂದಿಷ್ಟು ತೋಟಾ ತುಂಬಿ ಅವರ ಎಸ್ಟೇಟಿನ ಹಿಂದಿನ ಕಲ್ಲುಗಣಿಯಲ್ಲಿ ಹೊಡೆಯಲು ನಿಂತೆವು. ಅದೇ ನಮ್ಮ ಮಂಜೂರಾದ ಅಭ್ಯಾಸದ ಜಾಗ. ಟ್ರಿಗರ್ ಎಳೆದರು, ಟಕ್ ಎಂದಿತು, ಅಷ್ಟೇ. ಬೇರೆಯವರಾಗಿದ್ದರೆ ರಿವಾಲ್ವರನ್ನು ತಿರುಗಿಸಿ ಮೂತಿ ನೋಡುತ್ತಿದ್ದರು. ಅಮ್ಮಾವ್ರು ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತರು, ಏಕೆಂದರೆ ಕೆಲವೊಮ್ಮೆ ಕೇಪು ತಡವಾಗಿ ಹೊತ್ತುವುದುಂಟು. ನಾನು ಸಾಕು ಎಂದ ಮೇಲೂ ಇನ್ನಷ್ಟು ಹೊತ್ತು ಕಾದೇ ಸಿಲಿಂಡರ್ ತೆರೆದರು. ಕೇಪಿನ ಮೇಲೆ ಕುದುರೆಯ ಗುರುತು ಸೊಳ್ಳೆ ಕಚ್ಚಿದಷ್ಟಿತ್ತು.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಟ್ರಿಗರ್ ಹಗುರವಾಗಲಿ ಎಂದು ಅವರು ಕೇಳಿದ ಮೇಲೆ ಹಿಂದಿನ ವರ್ಷ ನಾನೇ ಕುದುರೆಯ ಸ್ಪ್ರಿಂಗನ್ನು ಸಡಿಲ ಮಾಡಿಕೊಟ್ಟಿದ್ದೆ. ಹಳೆಯ ಕೇಪಿಗೆ ಆ ಪೆಟ್ಟು ಸಾಕಾಗಿತ್ತು, ಇದಕ್ಕೆ ಸಾಲದು. ಮತ್ತೆ ಬಿಗಿ ಸ್ಪ್ರಿಂಗ್ ಹಾಕಿದರೆ ಟ್ರಿಗರ್ ಗಟ್ಟಿಯಾಗುತ್ತದೆ, ಎಳೆಯುವಾಗ ಕೈ ಅಲುಗುತ್ತದೆ, ವರ್ಷದ ಅಭ್ಯಾಸವೆಲ್ಲ ಹೊಳೆಗೆ ಹೋದಂತೆ. ಹೇಗಪ್ಪಾ ಹೇಳುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅವರೇ, "ಹಾಕಿ ಮಾರಾಯ್ರೇ, ಬೆರಳು ನಂದಲ್ವಾ, ಅದಕ್ಕೆ ನಾನು ಹೇಳಿಕೊಡ್ತೀನಿ," ಎಂದರು.

ಹೇಳಿಕೊಟ್ಟ ರೀತಿಯನ್ನು ನಾನು ಕಣ್ಣಾರೆ ಕಂಡೆ. ಕಾಫಿ ಒಣಗಿಸುವ ಕಣದ ಪಕ್ಕದ ಗೋಡೌನಿನಲ್ಲಿ, ಹೊಡೆದು ಮುಗಿದ ಖಾಲಿ ತೋಟಾಗಳನ್ನು ಸಿಲಿಂಡರಿಗೆ ಹಾಕಿಕೊಂಡು ನಿಲ್ಲುತ್ತಿದ್ದರು. ನಳಿಗೆಯ ತುದಿಯ ಮೇಲೆ ಒಂದು ಪಾರ್ಚ್‌ಮೆಂಟ್ ಬೀಜವನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜವನ್ನು, ಚಪ್ಪಟೆ ಮೈ ಕೆಳಗಾಗಿ ಇಟ್ಟು ಟ್ರಿಗರ್ ಎಳೆಯುವುದು. ಬೀಜ ಬಿತ್ತೋ, ಕೈ ಅಲುಗಿತು ಎಂದು ಅರ್ಥ. ಮೊದಮೊದಲು ಅವರ ಕಾಲ ಬುಡದಲ್ಲಿ ಬೀಜಗಳ ರಾಶಿಯೇ ಬೀಳುತ್ತಿತ್ತು. ಒಂದು ದಿನ ನಾನು ಹೋದಾಗ ಕೆಳಗೆ ಒಂದೂ ಇರಲಿಲ್ಲ. ಗುಡಿಸಿಬಿಟ್ಟಿರೇನೋ ಎಂದು ಛೇಡಿಸಿದೆ. ಅವರು ಮತ್ತೆ ಕುದುರೆ ಬೀಳಿಸಿದರು, ಬೀಜ ಇದ್ದಲ್ಲೇ ಇತ್ತು. ಭಲೇ ಎಂದೆ.

ಮದ್ದಿನ ಕೆಲಸವೂ ಅಷ್ಟರಲ್ಲಿ ದಾರಿಗೆ ಬಂದಿತ್ತು. ಕಾಫಿ ಸ್ಯಾಂಪಲ್ ತೂಗುವ ಅವರ ಮನೆಯ ತಕ್ಕಡಿ ನನ್ನ ಅಂಗಡಿಯದಕ್ಕಿಂತ ಸೂಕ್ಷ್ಮ, ಹಾಗಾಗಿ ಸಾಮಾನುಗಳನ್ನೆಲ್ಲ ಆ ಗೋಡೌನಿಗೇ ಸಾಗಿಸಿದ್ದೆ. ಮದ್ದು ತೀರಾ ಕೆಳಗಿನಿಂದ ಶುರು ಮಾಡಿ, ಪ್ರತಿ ಮೆಟ್ಟಿಲಿಗೂ ಕೆಲವೇ ತೋಟಾ. ಹೊಡೆದ ಮೇಲೆ ಮೂರು ಪರೀಕ್ಷೆ. ಕೇಪಿನ ಅಂಚು ಗುಂಡಗೆ ಉಳಿದಿದೆಯೋ, ಒತ್ತಡಕ್ಕೆ ಚಪ್ಪಟೆಯಾಗಿದೆಯೋ? ಖಾಲಿ ತೋಟಾ ಬೆರಳಿನಿಂದ ತಳ್ಳಿದರೆ ಸಲೀಸಾಗಿ ಬೀಳುತ್ತದೋ, ಸಿಲಿಂಡರನ್ನು ಕಚ್ಚಿಕೊಳ್ಳುತ್ತದೋ? ಗುಂಡುಗಳು ಗುರಿಹಲಗೆಯಲ್ಲಿ ಒಟ್ಟಾಗಿ ಬಿದ್ದಿವೆಯೋ, ಚದುರಿವೆಯೋ? ಈ ಮೂರೂ ಒಪ್ಪುವ ಒಂದು ತೂಕ ಕೊನೆಗೂ ಸಿಕ್ಕಿತು. ಹಳೆಯದಕ್ಕಿಂತ ಕಡಿಮೆಯೇ. ಅದಕ್ಕೆ ತಕ್ಕ ಪುಟ್ಟ ಹಿತ್ತಾಳೆ ಬಟ್ಟಲಿನ ಅಳತೆಯನ್ನು ನಾನೇ ಅರದಿಂದ ಉಜ್ಜಿ ಮಾಡಿಕೊಟ್ಟೆ. ತುಂಬಿ, ಮೇಲೆ ಸವರಿ, ಸುರಿದರೆ ಮುಗಿಯಿತು.

ಅರ್ಧದಷ್ಟು ತೋಟಾಗಳನ್ನು ತುಂಬಿದ್ದೆ. ಅಷ್ಟರಲ್ಲಿ ಸಂಸೆಯಿಂದ ಕರೆ ಬಂತು, ಅಲ್ಲಿನ ಅಕ್ಕಿ ಗಿರಣಿಯ ಎಂಜಿನ್ ಕೈಕೊಟ್ಟಿದೆ ಎಂದು. ಕೋವಿಯ ಜೊತೆಗೆ ಎಂಜಿನ್ ರಿಪೇರಿಯನ್ನೂ ಮಾಡುತ್ತಿದ್ದೆ. ಹೋದವನು ಹೋದಲ್ಲೇ ಸಿಕ್ಕಿಕೊಂಡೆ. ರಸ್ತೆಗೆ ಗುಡ್ಡ ಕುಸಿದು ಬಸ್ಸೂ ಇಲ್ಲ, ಜೀಪೂ ಇಲ್ಲ. ಫೋನ್ ಮಾಡಿದಾಗ ಸಂಘದ ಸೆಕ್ರೆಟರಿಗಳು, "ನೀನು ಗಡಿಬಿಡಿ ಮಾಡ್ಬೇಡ ಮಾರಾಯ. ಉಳಿದದ್ದು ನಾನು ತುಂಬ್ತೀನಿ. ಅಳತೆ ಉಂಟಲ್ಲ," ಎಂದರು. ನನಗೂ ನಿರಾಳವಾಯಿತು.

ಸೆಕ್ರೆಟರಿಗಳು ಎಂದರೆ ಸಾಮಾನ್ಯರಲ್ಲ. ಎಪ್ಪತ್ತರ ಹತ್ತಿರದ ಪ್ಲಾಂಟರು, ಅಮ್ಮಾವ್ರ ತಂದೆಯ ಜೀವದ ಗೆಳೆಯರು. ಅಮ್ಮಾವ್ರು ಹುಡುಗಿಯಾಗಿದ್ದಾಗ ಮೊದಲ ಸಲ ಕೈಗೆ ಕೋವಿ ಕೊಟ್ಟು ಹೆಗಲಿಗೆ ಒತ್ತಿಹಿಡಿಯಲು ಕಲಿಸಿದವರೇ ಅವರು. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು ಜಡಿದು ತುಂಬುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಆರಿದ್ರಾ ಮಳೆಯಲ್ಲೂ ಅವರ ಕೋವಿ ಹುಸಿಹೋಗುವುದಿಲ್ಲ ಎಂದು ಜನ ಹೇಳುತ್ತಿದ್ದರು.

ನಾನು ವಾಪಸು ಬಂದಾಗ ಸ್ಪರ್ಧೆಗೆ ವಾರವೂ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಕಲ್ಲುಗಣಿಗೆ ಹೋದೆವು. ಸೆಕ್ರೆಟರಿಗಳು ಕೊಡೆ ಹಿಡಿದು ಕಲ್ಲಿನ ಮೇಲೆ ಕುಳಿತಿದ್ದರು. ತೋಟಾಗಳೆಲ್ಲ ಒಂದೇ ಮರದ ತಟ್ಟೆಯಲ್ಲಿ, ನಾನು ತುಂಬಿದ್ದು, ಅವರು ತುಂಬಿದ್ದು ಬೆರೆತು ನಿಂತಿದ್ದವು. ಅಮ್ಮಾವ್ರು ಎರಡು ಈಡು ಹೊಡೆದರು, ಎರಡೂ ನಡುವಿಗೇ. ಮೂರನೆಯದರ ಸದ್ದು ನನ್ನ ಕಿವಿಗೆ ಹೆಚ್ಚೇನೂ ಬೇರೆ ಅನಿಸಲಿಲ್ಲ. ಅವರು ಮಾತ್ರ ರಿವಾಲ್ವರನ್ನು ಇಳಿಸಿಬಿಟ್ಟರು.

"ಎಂಥ ಆಯ್ತು?" ಎಂದೆ.

"ಇದು ನಮ್ದಲ್ಲ ಸಾಹೇಬ್ರೇ. ಕೈಗೆ ಬೇರೆ ಥರ ಬಡೀತು."

"ಸ್ಪ್ರಿಂಗ್ ಹೊಸ್ತಲ್ಲ ಮಗಾ, ಹಾಗೆ ಅನಿಸಿರ್ಬೇಕು. ಇನ್ನೊಂದು ಹೊಡಿ," ಎಂದರು ಸೆಕ್ರೆಟರಿಗಳು.

ಅಮ್ಮಾವ್ರು ಹೊಡೆಯಲಿಲ್ಲ. ಸಿಲಿಂಡರ್ ತೆರೆದು ತಳ್ಳಿದರೆ ಎರಡು ಖಾಲಿ ತೋಟಾ ಉದುರಿದವು, ಮೂರನೆಯದು ಜಪ್ಪಯ್ಯ ಎಂದರೂ ಬರಲಿಲ್ಲ. ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ ನಾನೇ ತೆಗೆದೆ. ಕೇಪು ಅಂಚಿನವರೆಗೆ ಚಪ್ಪಟೆಯಾಗಿ, ಕಬ್ಬಿಣದ ಮೇಲೆ ಬಡಿದ ಸೀಸದಂತಾಗಿತ್ತು. ಇನ್ನೊಂದು ಹೊಡೆದಿದ್ದರೆ ಏನಾಗುತ್ತಿತ್ತೋ, ಆ ಸಿಲಿಂಡರು ಐವತ್ತು ವರ್ಷ ಹಳೆಯದು, ಅದರಿಂದ ಒಂದು ಗೇಣು ದೂರದಲ್ಲಿ ಅವರ ಬೆರಳುಗಳು.

"ಇದರಲ್ಲಿ ಮದ್ದು ಜಾಸ್ತಿ ಉಂಟು. ಅಳತೆ ಬಿಟ್ಟು ಹಾಕಿದ್ರಾ?" ಎಂದು ನಾನು ಸೆಕ್ರೆಟರಿಗಳ ಕಡೆ ತಿರುಗಿದೆ.

"ಅಳತೆ ಬಿಡ್ಲಿಲ್ಲ ಮಾರಾಯ, ಅಳತೆಯಲ್ಲೇ ಹಾಕಿದ್ದು," ಎಂದರು ಅವರು ನಿಶ್ಚಿಂತೆಯಿಂದ. "ಆಮೇಲೆ ಮಧ್ಯಾಹ್ನ ಮಳೆ ಜಡೀತಲ್ಲ, ಆಗ ಒಂದೊಂದು ಚಿಟಿಕೆ ಮೇಲಿಂದ ಹಾಕ್ದೆ. ಮಳೆಗಾಲದಲ್ಲಿ ಹಾಕ್ಬೇಕಲ್ಲ."

ನಮ್ಮ ಕಡೆ ಕೇಪಿನ ಕೋವಿ ಹಿಡಿದವರೆಲ್ಲರ ಕೈಗೂ ಆ ಚಿಟಿಕೆ ಅಂಟಿಕೊಂಡಿದೆ. ಕರಿಮದ್ದು ತೇವ ಕುಡಿಯುತ್ತದೆ, ಬಲ ಕಳೆದುಕೊಳ್ಳುತ್ತದೆ, ಅದಕ್ಕೆ ಮಳೆಗಾಲದಲ್ಲಿ ಒಂದು ಚಿಟಿಕೆ ಹೆಚ್ಚಿಗೆ. ಕೋವಿಗೆ ಅದು ಸರಿ. ಅಲ್ಲಿ ಹಾಕುವುದೇ ಅಂಗೈ ತುಂಬ, ಒಂದು ಚಿಟಿಕೆ ಯಾವ ಲೆಕ್ಕ? ಇಲ್ಲಿಯದು ಹೊಗೆಯಿಲ್ಲದ ಮದ್ದು, ಮುಚ್ಚಿದ ತೋಟಾದೊಳಗೆ ತೇವದ ಮಾತೇ ಇಲ್ಲ, ಮತ್ತೆ ಒಟ್ಟು ಹಾಕುವ ಮದ್ದೇ ಕೆಲವು ಚಿಟಿಕೆ. ಅದರ ಮೇಲೆ ಕಿಡಿ ಜೋರಿನ ಕೇಪು ಬೇರೆ. ಅವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ, ನಾನೇ ಹೇಳಿದ್ದೆ. ತಗಡಿನ ಮೇಲೆ ಮಳೆಯ ಸದ್ದು ಕೇಳಿದ ಕೂಡಲೇ ಕೈ ತನ್ನಷ್ಟಕ್ಕೆ ಹೋಗಿದೆ, ಅಷ್ಟೇ.

ಇಷ್ಟು ಸಮಾಧಾನದಿಂದ ಈಗ ಬರೆಯುತ್ತಿದ್ದೇನೆ. ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯುವ ಹಾಗಿಲ್ಲ. "ಕೊಲ್ಲುವ ಕೆಲಸ ಅಲ್ವಾ ಇದು!" ಎಂದು ಕಿರುಚಿದ್ದು ನೆನಪಿದೆ. ಮುದುಕರ ಮುಖ ಬಿಳಿಚಿಕೊಂಡಿತು. ಕೊಡೆ ಮಡಚುವುದಕ್ಕೂ ಬಿಡಿಸುವುದಕ್ಕೂ ತೋಚದೆ ಅವರು ಅದರ ಹಿಡಿಯನ್ನೇ ತಿರುಗಿಸುತ್ತಾ ಕುಳಿತರು.

"ಎಷ್ಟು ತೋಟಾಗೆ ಹಾಕಿದ್ರಿ ಚಿಕ್ಕಪ್ಪ?" ಅಮ್ಮಾವ್ರು ಕೇಳಿದರು, ಮಳೆ ಎಷ್ಟು ಇಂಚು ಬಂತು ಎಂದು ಕೇಳುವ ಧ್ವನಿಯಲ್ಲಿ.

"ಮಳೆ ಹೊಯ್ದಷ್ಟು ಹೊತ್ತು ಮಗಾ. ನಡುವೆ ಹೊಳವಾಗಿತ್ತು, ಆಗ ಬಿಟ್ಟೆ. ಮತ್ತೆ ಜೋರಾಯ್ತು..."

ಹೋಯಿತು! ಯಾವುದು ಮಳೆಯ ತೋಟಾ, ಯಾವುದು ಹೊಳವಿನ ತೋಟಾ? ನನಗೊಂದು ಉಪಾಯ ಹೊಳೆಯಿತು. ಚಿಟಿಕೆ ಹೆಚ್ಚಿದ್ದರೆ ಭಾರವೂ ಹೆಚ್ಚಿರಬೇಕಲ್ಲ, ತೂಗಿ ಬೇರೆ ಮಾಡೋಣ ಎಂದೆ. ಗೋಡೌನಿಗೆ ಬಂದು ತಕ್ಕಡಿ ಇಟ್ಟೆ. ಒಂದು ಡಜನ್ ತೂಗುವಷ್ಟರಲ್ಲಿ ನನ್ನ ಜಾಣತನ ಇಳಿಯಿತು. ನಾನೇ ತುಂಬಿ ಮಾದರಿಗೆಂದು ಗೋಡೌನಿನಲ್ಲಿ ಬೇರೆ ಎತ್ತಿಟ್ಟಿದ್ದ ನಾಲ್ಕಾರು ತೋಟಾಗಳಲ್ಲೇ ಒಂದರಿಂದ ಒಂದಕ್ಕೆ ಚಿಟಿಕೆಗಿಂತ ಹೆಚ್ಚು ವ್ಯತ್ಯಾಸ. ಸೀಸದ ಗುಂಡು ಒಂದು ತುಸು ದಪ್ಪ, ಹಿತ್ತಾಳೆ ಒಂದು ತುಸು ತೆಳು. ತಕ್ಕಡಿ ಸತ್ಯವನ್ನೇ ಹೇಳುತ್ತಿತ್ತು, ನಮಗೆ ಬೇಕಾದ ಸತ್ಯವನ್ನಲ್ಲ.

ಉಳಿದದ್ದು ಎರಡೇ ದಾರಿ. ಹೆಚ್ಚಿನವು ಸರಿಯಾಗಿಯೇ ಇವೆ ಎಂದು ನಂಬಿ ಹೊಡೆಯುವುದು, ಇಲ್ಲವೇ ಎಲ್ಲವನ್ನೂ ಒಡೆಯುವುದು. ಒಡೆದರೆ ಅಭ್ಯಾಸಕ್ಕೆ ದಿನಗಳೇ ಉಳಿಯುವುದಿಲ್ಲ. ಮೂರನೆಯ ಸಲವೂ ಕೈತಪ್ಪಿದರೆ ಅವರ ಆಸೆ ಅಲ್ಲಿಗೇ ಮುಗಿಯಿತು. ನಿಜ ಹೇಳಬೇಕೆಂದರೆ, ಬೆರಳಿಗೆ ಅಪಾಯವೆಂದು ಗೊತ್ತಿದ್ದೂ, ಅಯ್ಯೋ ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಅಮ್ಮಾವ್ರು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. "ಎಲ್ಲ ಒಡೀರಿ. ನೀವು ತುಂಬಿದ್ದೂ ಸೇರಿಸಿ."

"ನಾನು ತುಂಬಿದ್ದರಲ್ಲಿ ಎಂಥ ದೋಷ?" ನನಗೆ ರೋಷ ಬಂತು.

"ದೋಷ ಇಲ್ಲ ಸಾಹೇಬ್ರೇ. ಟ್ರಿಗರ್ ಎಳೆಯೋವಾಗ ನನ್ನ ತಲೆಯಲ್ಲಿ ಅನುಮಾನ ಇದ್ರೆ ಬೀಜ ಬೀಳುತ್ತೆ." ಆಮೇಲೆ ಮೂಲೆಯಲ್ಲಿ ನಿಂತಿದ್ದ ಸೆಕ್ರೆಟರಿಗಳ ಕಡೆ ತಿರುಗಿ, "ಚಿಕ್ಕಪ್ಪ, ಮನೆಗೆ ಹೋಗೋ ಅಂದಾಜಾ? ತಕ್ಕಡಿ ಯಾರು ನೋಡ್ತಾರೆ? ಸಾಹೇಬ್ರಿಗೆ ಸಿಟ್ಟಲ್ಲಿ ಮುಳ್ಳು ಕಾಣಲ್ಲ, ನನಗೆ ಕನ್ನಡಕ ಇಲ್ದೆ ಕಾಣಲ್ಲ," ಎಂದರು.

ನನಗೆ ನಗು ಬಂತು. ಆ ಮುದುಕರು ಆವತ್ತು ಹಾಗೇ ಮನೆಗೆ ಹೋಗಿದ್ದರೆ ಮತ್ತೆ ಸಂಘದ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಮ್ಮಾವ್ರು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಅವರನ್ನು ಆ ಅವಮಾನದಿಂದ ತೆಗೆದು ತಕ್ಕಡಿಯ ಮುಂದೆ ಕೂರಿಸಿದರು. ಇಂಥ ನಯ ನನ್ನ ಏಳು ಜನ್ಮಕ್ಕೂ ಬರುವುದಲ್ಲ.

ತೋಟಾ ಒಡೆಯಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಉಂಟು. ಅದರ ತಲೆಯೊಳಗೆ ತೋಟಾವನ್ನು ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು ತನ್ನ ಭಾರಕ್ಕೇ ಜಾರಿ ಕಳಚಿಕೊಳ್ಳುತ್ತದೆ, ಮದ್ದೂ ಅದರೊಳಗೇ ಉದುರುತ್ತದೆ. ಎಲ್ಲರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡೆವು. ನಾನು ಕುಟ್ಟುವುದು, ಅಮ್ಮಾವ್ರು ಸುರಿದು ಬೇರ್ಪಡಿಸುವುದು, ಸೆಕ್ರೆಟರಿಗಳು ಬಿದ್ದ ಮದ್ದನ್ನು ತೂಗಿ ಗಟ್ಟಿಯಾಗಿ ಹೇಳುವುದು. "ಸರಿ ಉಂಟು... ಸರಿ ಉಂಟು... ಇದು ನಂದು." ಪ್ರತಿ ಸಲ "ಇದು ನಂದು" ಎನ್ನುವಾಗಲೂ ಅವರ ಧ್ವನಿ ಕುಗ್ಗುತ್ತಿತ್ತು, ಆದರೆ ಒಂದನ್ನೂ ಬಚ್ಚಿಡಲಿಲ್ಲ. ನನ್ನ ಸಿಟ್ಟು ಯಾವಾಗ ಕರಗಿತೋ ಗೊತ್ತಾಗಲಿಲ್ಲ. ಮಧ್ಯಾಹ್ನ ಅವರಿಗೆ ಕಾಫಿ ಲೋಟ ನಾನೇ ಒಯ್ದು ಕೊಟ್ಟೆ.

ತೆಗೆದ ಮದ್ದನ್ನು ಅಮ್ಮಾವ್ರು ಮತ್ತೆ ಬಳಸಗೊಡಲಿಲ್ಲ, ನೀರಿಗೆ ಹಾಕಿಸಿದರು. ಕೇಪುಗಳು ಹಿತ್ತಾಳೆಯಲ್ಲಿ ಕುಳಿತಲ್ಲೇ ಇದ್ದದ್ದರಿಂದ ಅವು ಉಳಿದವು. ಹೊಸ ಮದ್ದನ್ನು ಒಂದೊಂದಾಗಿ ತೂಗಿ ಹಾಕಿ, ಸರಿಯಾದ ಗುಂಡು ಆರಿಸಿ ಕೂರಿಸುವುದರಲ್ಲಿ ದಿನಗಳು ಕಳೆದವು. ಅವರು ಅದರಲ್ಲೂ ಒಂದು ಪಾಲನ್ನು ಕಲ್ಲುಗಣಿಯಲ್ಲಿ ಹೊಡೆದು, ಮೂರೂ ಪರೀಕ್ಷೆ ಮತ್ತೆ ಮಾಡಿ ನೋಡಿದರು. ಹಾಳು ಮಾಡ್ತೀರಲ್ಲ ಎಂದರೆ, "ಗೊತ್ತಿಲ್ಲದೆ ಹತ್ತು ಇಟ್ಕೊಳ್ಳೋದಕ್ಕಿಂತ ಗೊತ್ತಿದ್ದು ಐದು ಸಾಕು," ಎಂದರು. ಸ್ಪರ್ಧೆಗೆ ಎಷ್ಟು ಬೇಕೋ ಅಷ್ಟೇ ಉಳಿಯಿತು. ಉಳಿದ ಸಂಜೆಗಳಲ್ಲಿ ಅಭ್ಯಾಸವೆಂದರೆ ಖಾಲಿ ರಿವಾಲ್ವರು ಮತ್ತು ಪಾರ್ಚ್‌ಮೆಂಟ್ ಬೀಜ.

ಚಿಕ್ಕಮಗಳೂರಿನ ಶೂಟಿಂಗ್ ರೇಂಜಿನಲ್ಲಿ ಆವತ್ತು ಬೆಳಿಗ್ಗೆ ಹೊಳವಾಗಿತ್ತು. ಜಿಲ್ಲೆಯ ದೊಡ್ಡ ದೊಡ್ಡ ಗುರಿಕಾರರು, ಹೊಳೆಯುವ ಹೊಸ ಬಂದೂಕುಗಳು. ನಡುವೆ ಅಮ್ಮಾವ್ರು ಹತ್ತಿಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರು. ಅವರ ಮೊದಲ ಸುತ್ತು ಸಾಧಾರಣವಾಯಿತು. ಎರಡನೆಯದರಲ್ಲಿ ಮೇಲೇರಿದರು. ಕೊನೆಯ ಸುತ್ತು ಉಳಿದಿತ್ತು, ತಂಡದ ಕೊನೆಯ ಜಾಗಕ್ಕೆ ಅವರಿಗೂ ಇನ್ನೊಬ್ಬರಿಗೂ ಜಿದ್ದಾಜಿದ್ದಿ. ಅಷ್ಟರಲ್ಲಿ ಮಳೆ ಬಂತು.

ಬಂತು ಎಂದರೆ ಜಡಿಯಿತು. ತಲೆಯ ಮೇಲಿನ ತಗಡು ಒಡೆದುಹೋಗುವಂತೆ ಸದ್ದು. ನಾನೂ ಸೆಕ್ರೆಟರಿಗಳೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಅಮ್ಮಾವ್ರು ತೋಟಾ ತುಂಬಿಕೊಳ್ಳುತ್ತಿರುವುದನ್ನು ನೋಡುತ್ತಿದ್ದ ನನ್ನ ಕಣ್ಣು ಯಾಕೋ ಪಕ್ಕಕ್ಕೆ ಹೊರಳಿತು. ಮುದುಕರ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಕೂಡಿ ಮೆಲ್ಲಗೆ ಉಜ್ಜುತ್ತಿದ್ದವು. ಅವರೂ ಅದನ್ನು ಕಂಡರು. ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದು ಮಡಿಲಿಗೆ ಒತ್ತಿಕೊಂಡರು. ಸುತ್ತು ಮುಗಿಯುವತನಕ ಬಿಡಲಿಲ್ಲ.

ಕೊನೆಯ ಸುತ್ತಿನ ಗುಂಡುಗಳೆಲ್ಲ ಅಂಗೈಯಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಬಿದ್ದಿದ್ದವು. ಒಂದೂ ಹುಸಿಯಿಲ್ಲ, ಒಂದೂ ಕಚ್ಚಿಕೊಳ್ಳಲಿಲ್ಲ. ಹೆಸರು ಕೂಗಿದಾಗ ನಾನು ಎದ್ದು ಶಿಳ್ಳೆ ಹಾಕಿಬಿಟ್ಟೆ, ಅಧಿಕಾರಿಯೊಬ್ಬರು ಗದರಿಸಿದರು. ಗದರಿಸಲಿ ಬಿಡಿ, ನಮ್ಮ ಅಮ್ಮಾವ್ರು ತಂಡದಲ್ಲಿದ್ದರು.

ಅವರು ರಿವಾಲ್ವರನ್ನು ಖಾಲಿ ಮಾಡಿ, ತೋರಿಸಿ, ಪೆಟ್ಟಿಗೆಗೆ ಹಾಕಿ, ಆಮೇಲೆ ನಮ್ಮ ಹತ್ತಿರ ಬಂದರು. ಖಾಲಿ ತೋಟಾಗಳನ್ನು ಸೆಕ್ರೆಟರಿಗಳ ಅಂಗೈಗೆ ಸುರಿದರು. ಮುದುಕರು ಒಂದೊಂದನ್ನೂ ಬೆಳಕಿಗೆ ತಿರುಗಿಸಿ ಕೇಪು ನೋಡತೊಡಗಿದರು.

"ಮಳೆ ಬಂತಲ್ಲ ಚಿಕ್ಕಪ್ಪ, ಮದ್ದು ಕಡಿಮೆ ಆಯ್ತಾ?" ಎಂದು ಕೇಳಿದರು ಅಮ್ಮಾವ್ರು, ಕಣ್ಣಲ್ಲಿ ನಗು.

ಮುದುಕರು ಕೊನೆಯ ತೋಟಾದವರೆಗೂ ನೋಡಿದರು. ಕಣ್ಣು ಒರೆಸಿಕೊಂಡು, "ಇಲ್ಲ ಮಗಾ," ಎಂದರು. "ಸರಿ ಉಂಟು."